ಟ್ಯಾಬಿ ಬೆಕ್ಕಿನ ಪಟ್ಟೆ: ಹೆಸರು ಬಾಗ್ದಾದಿನದು, ವಿನ್ಯಾಸ ಕಾಡಿನದು

ಮೈಮೇಲೆ ಪಟ್ಟೆ, ಹಣೆಯ ಮೇಲೆ ಇಂಗ್ಲಿಷಿನ ‘ಎಂ’ ಅಕ್ಷರವನ್ನು ಹೋಲುವ ಗುರುತು, ಕಣ್ಣಿನ ಹೊರತುದಿಯಿಂದ ಕೆನ್ನೆಯವರೆಗೆ ಕಾಡಿಗೆ ಎಳೆದಂತಹ ಗೆರೆ, ಕಾಲಿಗೂ ಬಾಲಕ್ಕೂ ಬಳೆ ತೊಡಿಸಿದಂತಹ ಉಂಗುರಗಳು. ಇಷ್ಟು ಲಕ್ಷಣಗಳಿರುವ ಬೆಕ್ಕನ್ನು ‘ಟ್ಯಾಬಿ’ ಎಂದು ಕರೆಯುತ್ತಾರೆ. ಇದನ್ನು ಒಂದು ತಳಿಯ ಹೆಸರೆಂದು ತಿಳಿದವರು ಬಹಳ ಮಂದಿ ಇದ್ದಾರೆ, ಆದರೆ ಅದು ತಳಿಯ ಹೆಸರಲ್ಲ, ತುಪ್ಪಳದ ಮೇಲಿನ ವಿನ್ಯಾಸದ ಹೆಸರು. ಯಾವ ತಳಿಗೂ ಸೇರದ ಬೀದಿಯ ಬೆಕ್ಕಿನಲ್ಲೂ, ಬಹುಮಾನ ಗೆದ್ದ ಮೇನ್ ಕೂನ್ ಬೆಕ್ಕಿನಲ್ಲೂ ಅದು ಒಂದೇ ರೀತಿಯಲ್ಲಿ ಮೂಡುತ್ತದೆ. ನಿಜ ಹೇಳಬೇಕೆಂದರೆ ಪ್ರತಿಯೊಂದು ಬೆಕ್ಕೂ ಒಳಗೊಳಗೆ ಟ್ಯಾಬಿಯೇ. ಕೆಲವುಗಳಲ್ಲಿ ಪಟ್ಟೆ ಹೊರಗೆ ಕಾಣುತ್ತದೆ, ಉಳಿದವುಗಳಲ್ಲಿ ಬೇರೊಂದು ಬಣ್ಣದ ಕೆಳಗೆ ಮುಚ್ಚಿಹೋಗಿರುತ್ತದೆ. ಈ ಸರಳ ಸಂಗತಿಯನ್ನು ಖಚಿತವಾಗಿ ತಿಳಿಯಲು ವಿಜ್ಞಾನಕ್ಕೆ ನೂರಕ್ಕೂ ಹೆಚ್ಚು ವರ್ಷಗಳು ಹಿಡಿದವು.

ಹೆಸರು ಬಂದದ್ದು ಬಟ್ಟೆಯಿಂದ. ಬಾಗ್ದಾದ್ ನಗರದಲ್ಲಿ ಅತ್ತಾಬಿಯಾ ಎಂಬ ನೇಕಾರರ ಬಡಾವಣೆಯಿತ್ತು. ಅಲ್ಲಿ ನೇಯುತ್ತಿದ್ದ ಪಟ್ಟೆಪಟ್ಟೆಯ ರೇಷ್ಮೆಗೆ ಆ ಬಡಾವಣೆಯ ಹೆಸರೇ ಅಂಟಿಕೊಂಡು, ವ್ಯಾಪಾರಿಗಳ ಬಾಯಲ್ಲಿ ಸವೆಯುತ್ತ ಫ್ರೆಂಚಿನಲ್ಲಿ ‘ತಾಬಿ’ ಎಂದಾಯಿತು. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಆ ಪದವು ನೀರಿನ ಅಲೆಯಂತೆ ಹೊಳೆಯುವ ರೇಷ್ಮೆಯನ್ನು ಸೂಚಿಸುತ್ತಿತ್ತು. ಅದೇ ಶತಮಾನದ ಕೊನೆಯ ಹೊತ್ತಿಗೆ ಜನರು ಅದೇ ಪದದಿಂದ ಪಟ್ಟೆಯ ಬೆಕ್ಕನ್ನೂ ಕರೆಯತೊಡಗಿದರು. ಆ ರೇಷ್ಮೆ ಇಂದು ಹೆಚ್ಚಿನವರ ನೆನಪಿನಲ್ಲಿ ಇಲ್ಲ, ಅದರ ಹೆಸರು ಮಾತ್ರ ಬೆಕ್ಕಿನ ಮೈಮೇಲೆ ಉಳಿದಿದೆ.

ಆದರೆ ಪಟ್ಟೆ ಹೆಸರಿಗಿಂತ ಎಷ್ಟೋ ಹಳೆಯದು. ಸಾಕುಬೆಕ್ಕಿನ ಮೂಲ ಪೂರ್ವಜ ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು ಎಂಬುದನ್ನು 2007ರಲ್ಲಿ ಪ್ರಕಟವಾದ ವ್ಯಾಪಕ ಡಿಎನ್‌ಎ ಅಧ್ಯಯನವೊಂದು ತೋರಿಸಿತು. ಒಣಹುಲ್ಲಿನ ಬಣ್ಣದ ಆ ಪ್ರಾಣಿಯ ಮೈಮೇಲೆ ತೆಳುವಾದ ಲಂಬ ಪಟ್ಟೆಗಳಿವೆ. ಹುಲ್ಲು ಮತ್ತು ನೆರಳುಗಳ ನಡುವೆ ಅವು ದೇಹದ ಅಂಚನ್ನೇ ಒಡೆದು ತೋರಿಸುವುದರಿಂದ, ಹೊಂಚು ಹಾಕಿ ಕುಳಿತ ಬೆಕ್ಕು ಬೇಟೆಯ ಕಣ್ಣಿಗೆ ಬೀಳುವುದಿಲ್ಲ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಸಮಾಧಿಯ ಪಕ್ಕದಲ್ಲೇ ಹೂಳಲಾಗಿದ್ದ ಸುಮಾರು 9,500 ವರ್ಷ ಹಳೆಯ ಬೆಕ್ಕಿನ ಅಸ್ಥಿಪಂಜರವೊಂದರ ವಿವರ 2004ರಲ್ಲಿ ಪ್ರಕಟವಾಯಿತು. ಮೂಳೆ ಬಣ್ಣವನ್ನು ಹೇಳುವುದಿಲ್ಲ, ಆದರೆ ಚಿತ್ರ ಹೇಳುತ್ತದೆ. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಕ್ರಿ.ಪೂ. 1350ರ ಸುಮಾರಿನ ನೆಬಮುನ್ ಎಂಬ ಈಜಿಪ್ಟಿನ ಅಧಿಕಾರಿಯ ಸಮಾಧಿಚಿತ್ರದಲ್ಲಿ, ಜೊಂಡಿನ ನಡುವೆ ಹಕ್ಕಿಗಳನ್ನು ಹಿಡಿಯುತ್ತಿರುವ ಬೆಕ್ಕೊಂದಿದೆ. ಅದರ ಕಣ್ಣಿಗೆ ಚಿನ್ನದ ಲೇಪವಿದೆ, ಮೈಮೇಲೆ ಟ್ಯಾಬಿಯ ಪಟ್ಟೆಗಳು ಸ್ಪಷ್ಟವಾಗಿವೆ. ಮೂರು ಸಾವಿರ ವರ್ಷಗಳ ಹಿಂದಿನ ಆ ಕಲಾವಿದ ತನ್ನ ಬೆಕ್ಕನ್ನು ಎಷ್ಟು ಹತ್ತಿರದಿಂದ ನೋಡಿರಬೇಕು ಎಂದು ಆ ಚಿತ್ರವನ್ನು ಕಂಡಾಗಲೆಲ್ಲ ನನಗೆ ಅನಿಸುತ್ತದೆ.

ಈ ಮೂಲ ಪಟ್ಟೆಗೆ ‘ಮೆಕರೆಲ್ ಟ್ಯಾಬಿ’ ಎಂದು ಹೆಸರು. ಮೆಕರೆಲ್ ಎಂದರೆ ಬಂಗುಡೆ ಜಾತಿಯ ಮೀನು. ಬೆನ್ನುಹುರಿಯುದ್ದಕ್ಕೂ ಒಂದು ಕಪ್ಪು ಗೆರೆ, ಅದರಿಂದ ಎರಡೂ ಪಕ್ಕೆಗಳಿಗೆ ಇಳಿಯುವ ಸಣ್ಣ ಗೆರೆಗಳು, ಹೀಗೆ ನೋಡುವವರಿಗೆ ಮೀನಿನ ಮುಳ್ಳಿನ ನೆನಪಾಗುತ್ತದೆ. ಇದೇ ಪಟ್ಟೆಗಳು ತುಂಡುತುಂಡಾದಾಗ ಚುಕ್ಕೆಯ ಟ್ಯಾಬಿ ಆಗುತ್ತದೆ. ಈಜಿಪ್ಷಿಯನ್ ಮೌ ತಳಿಯ ಬೆಕ್ಕುಗಳು ಅದಕ್ಕೆ ಹೆಸರಾಗಿವೆ. ಮೂರನೆಯ ಬಗೆಯನ್ನು ‘ಕ್ಲಾಸಿಕ್’ ಎನ್ನುತ್ತಾರೆ. ಪಕ್ಕೆಯ ಮೇಲೆ ಅಗಲವಾದ ಸುರುಳಿಗಳು, ಭುಜದ ಮೇಲೆ ಚಿಟ್ಟೆಯ ರೆಕ್ಕೆ ಬಿಚ್ಚಿದಂತಹ ಆಕಾರ ಇದರ ಗುರುತು. ಹೆಸರು ಕ್ಲಾಸಿಕ್ ಎಂದಿದ್ದರೂ ಇದು ಬಹಳ ಈಚಿನದು, ಮತ್ತು ಇದರ ಕಥೆಯೇ ಎಲ್ಲಕ್ಕಿಂತ ಸ್ವಾರಸ್ಯಕರವಾದುದು.

1977ರಲ್ಲಿ ನೀಲ್ ಟಾಡ್ ಎಂಬ ಅಮೆರಿಕದ ಸಂಶೋಧಕರು ಬೇರೆ ಬೇರೆ ದೇಶಗಳ ಬೆಕ್ಕುಗಳ ಬಣ್ಣಗಳನ್ನು ಎಣಿಸಿದ ಮಾಹಿತಿಯನ್ನು ಒಟ್ಟುಗೂಡಿಸಿ ನಕ್ಷೆಗಳನ್ನು ಪ್ರಕಟಿಸಿದರು. ಸುರುಳಿಯ ಟ್ಯಾಬಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಇದ್ದು, ಅಲ್ಲಿಂದ ದೂರ ಹೋದಂತೆಲ್ಲ ಕಡಿಮೆಯಾಗುತ್ತಿತ್ತು. ಬ್ರಿಟಿಷರು ನೆಲೆಸಿದ ಸಾಗರದಾಚೆಯ ನಾಡುಗಳಲ್ಲಿ ಅದರ ಪ್ರಮಾಣವು, ಆ ನೆಲೆ ಆರಂಭವಾದ ಕಾಲದಲ್ಲಿ ಬ್ರಿಟನ್ನಿನ ಬೆಕ್ಕುಗಳು ಹೇಗಿದ್ದವೋ ಅದನ್ನೇ ಇಂದಿಗೂ ಪ್ರತಿಬಿಂಬಿಸುತ್ತದೆ ಎಂದು ಅವರು ವಾದಿಸಿದರು. ಇಲಿ ಹಿಡಿಯಲು ಹಡಗು ಹತ್ತಿದ ಬೆಕ್ಕುಗಳು ತಮ್ಮ ಕಾಲದ ಲೆಕ್ಕವನ್ನು ಮೈಮೇಲೆ ಹೊತ್ತುಕೊಂಡು ಹೋಗಿದ್ದವು ಎಂಬುದು ಅದರ ಅರ್ಥ. ಹಾಗಾದರೆ ಸುರುಳಿ ಹುಟ್ಟಿದ್ದು ಎಲ್ಲಿ? 2017ರಲ್ಲಿ, 200ಕ್ಕೂ ಹೆಚ್ಚು ಪ್ರಾಚೀನ ಬೆಕ್ಕುಗಳ ಅವಶೇಷಗಳ ಡಿಎನ್‌ಎ ಪರೀಕ್ಷಿಸಿದ ತಂಡಕ್ಕೆ ಸುರುಳಿಯ ವಂಶವಾಹಿ 14ನೇ ಶತಮಾನಕ್ಕಿಂತ ಹಿಂದಿನ ಯಾವ ಅವಶೇಷದಲ್ಲೂ ಸಿಗಲಿಲ್ಲ. ಮೊದಲು ಸಿಕ್ಕಿದ್ದು ಬ್ರಿಟನ್ನಿನಲ್ಲಲ್ಲ, ಒಟ್ಟೋಮನ್ ಸಾಮ್ರಾಜ್ಯದ ನೆಲದಲ್ಲಿ. ಅದು ಸಾಮಾನ್ಯವಾದದ್ದು 18ನೇ ಶತಮಾನದ ಹೊತ್ತಿಗೆ ಮಾತ್ರ. ಮನುಷ್ಯನ ಜೊತೆ ಬಾಳಿದ ಸಾವಿರಾರು ವರ್ಷಗಳ ಕಾಲ ಬೆಕ್ಕು ತನ್ನ ಕಾಡಿನ ಉಡುಪನ್ನು ಬದಲಿಸಿರಲಿಲ್ಲ. ನಾಯಿ, ಕುದುರೆ, ದನಗಳನ್ನು ಮನುಷ್ಯ ತನಗೆ ಬೇಕಾದ ರೂಪಕ್ಕೆ ತಿದ್ದುತ್ತ ಬಂದ ಅದೇ ಅವಧಿಯಲ್ಲಿ ಬೆಕ್ಕನ್ನು ಬಹುಮಟ್ಟಿಗೆ ಇದ್ದಂತೆಯೇ ಬಿಟ್ಟಿದ್ದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಕಾಣುವುದಿಲ್ಲ.

ಪಟ್ಟೆ ಮತ್ತು ಸುರುಳಿಗಳ ನಡುವಿನ ವ್ಯತ್ಯಾಸ ವಿದ್ವಾಂಸರನ್ನೂ ದಾರಿ ತಪ್ಪಿಸಿದೆ. ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ರೆಜಿನಾಲ್ಡ್ ಪೊಕಾಕ್ 1907ರಲ್ಲಿ ಇಂಗ್ಲೆಂಡಿನ ಸಾಕುಬೆಕ್ಕುಗಳನ್ನು ಪರಿಶೀಲಿಸಿ, ಈ ಎರಡು ವಿನ್ಯಾಸಗಳ ಬೆಕ್ಕುಗಳನ್ನು ಎರಡು ಬೇರೆ ಬಗೆಗಳೆಂದೇ ವಿಂಗಡಿಸಿದರು. ಇಪ್ಪತ್ತು ವರ್ಷಗಳ ನಂತರ, 1927ರಲ್ಲಿ, ಆಫ್ರಿಕಾದಿಂದ ಬಂದ ವಿಚಿತ್ರವಾದ ಚೀತಾ ಚರ್ಮವೊಂದು ಅದೇ ಪೊಕಾಕ್ ಅವರ ಮುಂದೆ ಬಂತು. ಸಾಮಾನ್ಯ ಚೀತಾದ ಸಣ್ಣ ಚುಕ್ಕೆಗಳ ಬದಲು ಅದರ ಮೇಲೆ ದೊಡ್ಡ ಮಚ್ಚೆಗಳೂ ಬೆನ್ನಿನುದ್ದಕ್ಕೆ ದಪ್ಪ ಗೆರೆಗಳೂ ಇದ್ದವು. ಅದನ್ನು ಅವರು ಹೊಸ ಪ್ರಭೇದವೆಂದು ಘೋಷಿಸಿದರು, ಮುಂದೆ ತಾವೇ ಆ ನಿರ್ಣಯವನ್ನು ಕೈಬಿಟ್ಟರು. 1981ರಲ್ಲಿ ದಕ್ಷಿಣ ಆಫ್ರಿಕಾದ ಚೀತಾ ಕೇಂದ್ರವೊಂದರಲ್ಲಿ ಸಾಮಾನ್ಯ ಚುಕ್ಕೆಯ ತಾಯಿಯ ಹೊಟ್ಟೆಯಲ್ಲೇ ಅಂತಹ ಮರಿ ಹುಟ್ಟಿದಾಗ ಈ ‘ರಾಜ ಚೀತಾ’ ಬೇರೆ ಪ್ರಭೇದವಲ್ಲ ಎಂಬುದು ಕಣ್ಣಿಗೆ ಕಾಣುವಂತಾಯಿತು. ಕೊನೆಗೆ 2012ರಲ್ಲಿ ಗ್ರೆಗರಿ ಬಾರ್ಶ್, ಕ್ರಿಸ್ಟೋಫರ್ ಕೇಲಿನ್ ಮತ್ತು ಸಂಗಡಿಗರು ಸುರುಳಿಯ ಟ್ಯಾಬಿಗೆ ಕಾರಣವಾದ ವಂಶವಾಹಿಯನ್ನು ಗುರುತಿಸಿದರು. ಅದರ ಹೆಸರು ‘ಟ್ಯಾಕ್‌ಪೆಪ್’. ರಾಜ ಚೀತಾದಲ್ಲಿ ಕೆಟ್ಟಿರುವುದೂ ಅದೇ ವಂಶವಾಹಿ. ಪೊಕಾಕ್ ಅವರನ್ನು ಇಪ್ಪತ್ತು ವರ್ಷಗಳ ಅಂತರದಲ್ಲಿ ಎರಡು ಬಾರಿ ಕಾಡಿದ ಒಗಟು ವಾಸ್ತವವಾಗಿ ಒಂದೇ ಆಗಿತ್ತು. ಟ್ಯಾಕ್‌ಪೆಪ್‌ನ ಎರಡು ಪ್ರತಿಗಳಲ್ಲಿ ಒಂದು ಸರಿಯಾಗಿದ್ದರೂ ಬೆಕ್ಕಿಗೆ ತೆಳು ಪಟ್ಟೆ ಬರುತ್ತದೆ. ತಂದೆ ಮತ್ತು ತಾಯಿ ಇಬ್ಬರಿಂದಲೂ ಬದಲಾದ ಪ್ರತಿಯೇ ಬಂದಾಗ ಮಾತ್ರ ಸುರುಳಿ ಮೂಡುತ್ತದೆ.

ಪಟ್ಟೆ ಎಲ್ಲಿ ಮೂಡಬೇಕೆಂದು ಚರ್ಮಕ್ಕೆ ತಿಳಿಯುವುದು ಹೇಗೆ? ರಾಸಾಯನಿಕಗಳು ಅಂಗಾಂಶದಲ್ಲಿ ಹರಡುತ್ತ, ಒಂದನ್ನೊಂದು ಉತ್ತೇಜಿಸುತ್ತ ಮತ್ತು ತಡೆಯುತ್ತ ಹೋದರೆ ತಾವಾಗಿಯೇ ಪಟ್ಟೆ ಮತ್ತು ಚುಕ್ಕೆಗಳು ಉಂಟಾಗಬಲ್ಲವು ಎಂದು ಗಣಿತಜ್ಞ ಅಲನ್ ಟ್ಯೂರಿಂಗ್ 1952ರಲ್ಲೇ ಲೆಕ್ಕದ ಮೂಲಕ ತೋರಿಸಿದ್ದರು. ಬಾರ್ಶ್ ಅವರ ತಂಡವು 2021ರಲ್ಲಿ ಅದಕ್ಕೆ ಬೆಕ್ಕಿನಲ್ಲಿಯೇ ಪುರಾವೆ ಒದಗಿಸಿತು. ಬೀದಿಬೆಕ್ಕುಗಳ ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗರ್ಭಕೋಶಗಳಲ್ಲಿ ಕೆಲವೊಮ್ಮೆ ಭ್ರೂಣಗಳಿರುತ್ತವೆ, ತಂಡ ಅವುಗಳ ಚರ್ಮವನ್ನು ಪರೀಕ್ಷಿಸಿತು. ಗರ್ಭಧಾರಣೆಯಾಗಿ ಸುಮಾರು ನಾಲ್ಕು ವಾರಗಳಾಗುವಷ್ಟರಲ್ಲಿ, ಇನ್ನೂ ಒಂದು ರೋಮವೂ ಹುಟ್ಟಿರದ, ಬಣ್ಣವೇ ಇಲ್ಲದ ಆ ಚರ್ಮದಲ್ಲಿ ದಪ್ಪ ಮತ್ತು ತೆಳು ಭಾಗಗಳು ಟ್ಯಾಬಿಯ ನಕ್ಷೆಯಲ್ಲೇ ಜೋಡಣೆಗೊಂಡಿರುತ್ತವೆ. ದಪ್ಪವಾಗಲಿರುವ ಭಾಗಗಳಲ್ಲಿ ‘ಡಿಕೆಕೆ4’ ಎಂಬ ವಂಶವಾಹಿ ಮೊದಲೇ ಚುರುಕಾಗಿರುತ್ತದೆ. ಮುಂದೆ ಕಪ್ಪು ರೋಮ ಬರುವುದು ಅಲ್ಲೇ. ಹುಟ್ಟಿದ ಮೇಲೆ ಪಟ್ಟೆಗಳು ಹೆಚ್ಚುವುದಿಲ್ಲ, ಜಾಗ ಬದಲಿಸುವುದಿಲ್ಲ. ಮರಿ ಬೆಳೆದಂತೆ ಅವೂ ಹಿಗ್ಗುತ್ತವೆ, ಅಷ್ಟೆ.

ಅಬಿಸಿನಿಯನ್ ತಳಿಯಲ್ಲಿ ಈ ಡಿಕೆಕೆ4 ವಂಶವಾಹಿಯೇ ಬದಲಾಗಿದೆ. ಹಾಗಾಗಿ ಅವುಗಳ ಮೈಯಲ್ಲಿ ಪಟ್ಟೆ ಕಾಣದೆ, ಮರಳು ಎರಚಿದಂತಹ ಒಂದೇ ಬಗೆಯ ತುಪ್ಪಳವಿರುತ್ತದೆ. ಇದೇ ನಾಲ್ಕನೆಯ ಬಗೆಯಾದ ‘ಟಿಕ್ಡ್ ಟ್ಯಾಬಿ’. ಅದರ ಒಂದೊಂದು ರೋಮವನ್ನು ಬಿಡಿಸಿ ನೋಡಿದರೆ ಕಪ್ಪು ಮತ್ತು ಹಳದಿ ಬಣ್ಣಗಳು ಒಂದಾದ ಮೇಲೊಂದು ಬಂದಿರುವುದು ಕಾಣುತ್ತದೆ. ಇಂತಹ ರೋಮಕ್ಕೆ ಕಾರಣ ‘ಅಗೂಟಿ’ ಎಂಬ ವಂಶವಾಹಿ. ಟ್ಯಾಬಿಗಳ ಮೈಯಲ್ಲಿ ಪಟ್ಟೆಗಳ ನಡುವಿನ ತಿಳಿಬಣ್ಣದ ಜಾಗವನ್ನು ಉಂಟುಮಾಡುವುದೂ ಅದೇ. ಅದು ಕೆಟ್ಟಾಗ ನಡುವಿನ ಜಾಗವೂ ಕಪ್ಪಾಗಿ ಇಡೀ ಬೆಕ್ಕು ಕಪ್ಪಾಗಿ ಕಾಣುತ್ತದೆ, ಆದರೆ ಪಟ್ಟೆಯ ನಕ್ಷೆ ಅಳಿಯುವುದಿಲ್ಲ. ಕಪ್ಪು ಬೆಕ್ಕು ಎಳೆಬಿಸಿಲಿನಲ್ಲಿ ಮೈಚಾಚಿ ಮಲಗಿದಾಗ ಪಕ್ಕೆಯನ್ನು ಗಮನಿಸಿ ನೋಡಿದರೆ, ಕಪ್ಪಿನೊಳಗೆ ಇನ್ನೂ ದಟ್ಟವಾದ ಕಪ್ಪಿನ ಗೆರೆಗಳು ಎಷ್ಟೋ ಬಾರಿ ಕಾಣಸಿಗುತ್ತವೆ.

ಕಿತ್ತಳೆ ಬಣ್ಣದ ಬೆಕ್ಕಿನಲ್ಲಿ ಪಟ್ಟೆಯನ್ನು ಹೀಗೆ ಮುಚ್ಚಿಡಲು ಸಾಧ್ಯವಿಲ್ಲ, ಏಕೆಂದರೆ ಕಿತ್ತಳೆ ರೋಮದ ಮೇಲೆ ಅಗೂಟಿಯ ಈ ದೋಷದ ಪ್ರಭಾವ ನಡೆಯುವುದಿಲ್ಲ. ಆದ್ದರಿಂದ ಕಿತ್ತಳೆ ಬೆಕ್ಕುಗಳೆಲ್ಲವೂ ಟ್ಯಾಬಿಗಳಾಗಿಯೇ ಕಾಣುತ್ತವೆ. ಆ ಬಣ್ಣದ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಿಗೆ ಒಂದೇ ಎಕ್ಸ್ ಇರುವುದರಿಂದ ಒಂದು ಪ್ರತಿ ಸಾಕು, ಹೆಣ್ಣು ಪೂರ್ತಿ ಕಿತ್ತಳೆಯಾಗಲು ಎರಡು ಬೇಕು. ಕಿತ್ತಳೆ ಬೆಕ್ಕುಗಳಲ್ಲಿ ಗಂಡುಗಳೇ ಹೆಚ್ಚಾಗಿರುವುದು ಇದರಿಂದ. ಈ ಬಣ್ಣಕ್ಕೆ ಕಾರಣ ವರ್ಣತಂತುವಿನಲ್ಲಿ ಸುಮಾರು 5,000 ಅಕ್ಷರಗಳಷ್ಟು ಡಿಎನ್‌ಎ ಬಿಟ್ಟುಹೋಗಿರುವುದು ಎಂದು ಜಪಾನಿನ ಕ್ಯುಶು ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ತಂಡಗಳು 2025ರಲ್ಲಿ ಬೇರೆ ಬೇರೆಯಾಗಿ ಪ್ರಕಟಿಸಿದವು.

ಇನ್ನು ಸ್ವಭಾವದ ಮಾತು. ಟ್ಯಾಬಿ ಚುರುಕು, ಟ್ಯಾಬಿ ಒಳ್ಳೆಯ ಬೇಟೆಗಾರ, ಟ್ಯಾಬಿಗೆ ಸ್ನೇಹ ಜಾಸ್ತಿ ಎಂಬ ಮಾತುಗಳನ್ನು ಎಲ್ಲರೂ ಕೇಳಿರುತ್ತಾರೆ. ಕಿತ್ತಳೆ ಬೆಕ್ಕು ಸ್ನೇಹಮಯಿ ಎಂಬ ನಂಬಿಕೆಯಂತೂ ಗಟ್ಟಿಯಾಗಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಸಂಶೋಧಕರು 2012ರಲ್ಲಿ 189 ಜನರನ್ನು ಕೇಳಿದಾಗ ಆ ಅಭಿಪ್ರಾಯವೇ ಬಂತು. ಆದರೆ ಅಲ್ಲಿ ಅಳೆದದ್ದು ಬೆಕ್ಕಿನ ನಡತೆಯನ್ನಲ್ಲ, ಜನರ ಕಲ್ಪನೆಯನ್ನು. ಈ ಭೇದವನ್ನು ಮರೆತರೆ ಬೆಕ್ಕಿಗೆ ಅನ್ಯಾಯವಾಗುತ್ತದೆ. ಟ್ಯಾಬಿಯ ಗುಣವೆಂದು ಹೊಗಳುವುದೆಲ್ಲ ಬೆಕ್ಕು ಎಂಬ ಪ್ರಾಣಿಯ ಗುಣವೇ. ಅತಿ ಸಾಮಾನ್ಯವಾದ ವಿನ್ಯಾಸ ಅದಾಗಿರುವುದರಿಂದ ನಾವು ಕಂಡ ಬೇಟೆಗಾರ ಬೆಕ್ಕುಗಳಲ್ಲಿ ಪಟ್ಟೆಯವು ಹೆಚ್ಚು. ಹುಡುಕಿದರೆ ಸೋಮಾರಿ ಬೆಕ್ಕುಗಳಲ್ಲೂ ಪಟ್ಟೆಯವೇ ಹೆಚ್ಚು ಸಿಗುತ್ತವೆ.

ನಡತೆಯ ಮೇಲೆ ತಳಿಯ ಪ್ರಭಾವ ಮಾತ್ರ ನಿಜ. ಹೆಲ್ಸಿಂಕಿ ವಿಶ್ವವಿದ್ಯಾಲಯದವರು 2019ರಲ್ಲಿ 5,700ಕ್ಕೂ ಹೆಚ್ಚು ಬೆಕ್ಕುಗಳ ಮಾಹಿತಿಯನ್ನು ಪರಿಶೀಲಿಸಿ, ಚಟುವಟಿಕೆ, ನಾಚಿಕೆ, ಮನುಷ್ಯರೊಂದಿಗಿನ ಒಡನಾಟ ಮುಂತಾದ ಗುಣಗಳು ತಳಿಯಿಂದ ತಳಿಗೆ ಬೇರೆಯಾಗಿರುವುದನ್ನು ಕಂಡರು. ಆದ್ದರಿಂದ ಅಬಿಸಿನಿಯನ್ ಬೆಕ್ಕಿನ ಮುಗಿಯದ ಚಟುವಟಿಕೆಯನ್ನು ಅದರ ಟಿಕ್ಡ್ ತುಪ್ಪಳದ ಲೆಕ್ಕಕ್ಕೆ ಸೇರಿಸಬಾರದು, ಅದು ತಳಿಯ ಲೆಕ್ಕಕ್ಕೆ ಸೇರಬೇಕಾದುದು. ತಂದೆಯ ಪಾಲೂ ದೊಡ್ಡದು. ಸ್ಯಾಂಡ್ರಾ ಮಕ್ಯೂನ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ನೇಹದ ಸ್ವಭಾವದ ಗಂಡುಬೆಕ್ಕುಗಳಿಗೆ ಹುಟ್ಟಿದ ಮರಿಗಳು ತಂದೆಯನ್ನು ಕಂಡೇ ಇರದಿದ್ದರೂ ಹೊಸ ವಸ್ತುಗಳ ಬಳಿಗೂ ಹೊಸ ಮನುಷ್ಯರ ಬಳಿಗೂ ಹೆಚ್ಚು ಧೈರ್ಯದಿಂದ ಹೋದವು. ಹುಟ್ಟಿದ 2ರಿಂದ 7 ವಾರಗಳ ನಡುವೆ ಮನುಷ್ಯರ ಕೈಯಲ್ಲಿ ಆಡಿ ಬೆಳೆದ ಮರಿಗಳು ಮುಂದೆ ಮನುಷ್ಯರಿಗೆ ಅಂಜುವುದು ಕಡಿಮೆ ಎಂಬುದೂ ಪ್ರಯೋಗಗಳಿಂದ ತಿಳಿದಿದೆ. ಮರಿಯೊಂದನ್ನು ಮನೆಗೆ ತರಲು ಹೊರಟವರು ಅದರ ಪಟ್ಟೆಯ ಅಂದವನ್ನು ಧಾರಾಳವಾಗಿ ಮೆಚ್ಚಲಿ. ಸ್ವಭಾವವನ್ನು ತಿಳಿಯಬೇಕೆಂದಿದ್ದರೆ ಮಾತ್ರ ಆ ಐದು ವಾರಗಳನ್ನು ಅದು ಎಲ್ಲಿ, ಯಾರ ಜೊತೆ ಕಳೆದಿತ್ತು ಎಂದು ಕೇಳಿ, ಕೈಚಾಚಿ ಸ್ವಲ್ಪ ಹೊತ್ತು ನೆಲದ ಮೇಲೆ ಕುಳಿತು, ಅದು ಹತ್ತಿರ ಬರುತ್ತದೆಯೇ ಎಂದು ನೋಡಬೇಕು.