ಗಡುವು ಮೀರಿದ ಕಮಾಂಡನ್ನು ನಿಲ್ಲಿಸುವುದು ಹೇಗೆ?

ಗಂಟೆಗೊಮ್ಮೆ ಓಡಲಿ ಎಂದು ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಸೌಲಭ್ಯ) ಒಂದು ಬ್ಯಾಕಪ್ ಸ್ಕ್ರಿಪ್ಟ್ ಹಾಕಿದ್ದೆ. ಒಂದು ರಾತ್ರಿ ನೆಟ್‌ವರ್ಕ್ ಕೈಕೊಟ್ಟಿತು. ಸ್ಕ್ರಿಪ್ಟ್ ಉತ್ತರಕ್ಕಾಗಿ ಕಾಯುತ್ತಾ ಕೂತಿತು. ಮುಂದಿನ ಗಂಟೆಗೆ ಇನ್ನೊಂದು ಪ್ರತಿ ಬಂದು ಅದರ ಪಕ್ಕದಲ್ಲಿ ಕೂತಿತು. ಬೆಳಿಗ್ಗೆ ನೋಡಿದರೆ ಒಂಬತ್ತು ಪ್ರತಿಗಳು. ಒಂದೂ ಮುಗಿದಿಲ್ಲ, ಒಂದೂ ಸತ್ತಿಲ್ಲ. ಎರರ್ ಬಂದಿದ್ದರೆ ರಾತ್ರಿಯೇ ಗೊತ್ತಾಗುತ್ತಿತ್ತು. ಸುಮ್ನೆ ಕಾಯುವ ಪ್ರೋಗ್ರಾಂ ಯಾರಿಗೂ ಏನೂ ಹೇಳುವುದಿಲ್ಲ.

'ಇಷ್ಟು ಹೊತ್ತು ನೋಡು, ಆಗದಿದ್ದರೆ ಬಿಟ್ಟುಬಿಡು' ಅಂತ ಕಮಾಂಡ್‌ಗೆ ಹೇಳುವುದು ಸಣ್ಣ ವಿಷಯ ಅಲ್ವಾ? ಆದರೆ ಅದಕ್ಕೆ ಎಲ್ಲರೂ ಒಪ್ಪುವ ದಾರಿ ಸಿಗಲು ಯುನಿಕ್ಸ್ ಲೋಕಕ್ಕೆ (ಯುನಿಕ್ಸ್ ಮತ್ತು ಅದರ ದಾರಿಯಲ್ಲೇ ಬಂದ ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಂಗಳಿಗೆ) ದಶಕಗಳೇ ಹಿಡಿದವು.

ಮೊದಮೊದಲು ಲೆಕ್ಕ ಇಡುತ್ತಿದ್ದದ್ದು ಸಿಪಿಯು ಬಳಸಿದ ಹೊತ್ತನ್ನು. ಯಂತ್ರದ ಒಂದೊಂದು ನಿಮಿಷವೂ ದುಬಾರಿಯಾಗಿದ್ದ ಕಾಲ ಅದು. ಐಬಿಎಂನ 360 ಮೇನ್‌ಫ್ರೇಮ್‌ಗಳಲ್ಲಿ ಕೆಲಸದ ಜೊತೆ ಸಮಯದ ಮಿತಿಯನ್ನೂ ಬರೆದು ಕೊಡಬಹುದಿತ್ತು. ಮೀರಿದರೆ 322 ಎಂಬ ಕೋಡ್ ತೋರಿಸಿ ಕೆಲಸ ನಿಲ್ಲುತ್ತಿತ್ತು. ಇಂದಿನ ಶೆಲ್‌ನಲ್ಲಿರುವ (ಕಮಾಂಡ್ ಬರೆದು ಓಡಿಸುವ ಜಾಗ) 'ಯುಲಿಮಿಟ್' ಕೂಡ ಸಿಪಿಯು ಹೊತ್ತಿಗೆ ಮಿತಿ ಹಾಕಬಲ್ಲದು. ಆದರೆ ಕಾಯುತ್ತಾ ಕೂತ ಪ್ರೋಗ್ರಾಂ ಸಿಪಿಯುವನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ನನ್ನ ಒಂಬತ್ತು ಪ್ರತಿಗಳು ಆ ಲೆಕ್ಕಕ್ಕೆ ಸಿಗುತ್ತಲೇ ಇರಲಿಲ್ಲ.

ಗೋಡೆ ಗಡಿಯಾರದ ಲೆಕ್ಕಕ್ಕೆ, ಅಂದರೆ ನಿಜವಾಗಿ ಕಳೆದ ಹೊತ್ತಿಗೆ, ಯುನಿಕ್ಸ್‌ನಲ್ಲಿ 'ಅಲಾರ್ಮ್' ಇತ್ತು: ಹೊತ್ತಾದಾಗ ಬಡಿಯುತ್ತದೆ, ಬೇರೇನೂ ಹೇಳಿರದಿದ್ದರೆ ಪ್ರೋಗ್ರಾಂ ಅಲ್ಲಿಗೇ ನಿಲ್ಲುತ್ತದೆ. 1979ರ ಏಳನೇ ಆವೃತ್ತಿಯಲ್ಲೇ ಅದನ್ನು ಕಾಣಬಹುದು. ಆದರೆ ಅದು ಪ್ರೋಗ್ರಾಂ ತನಗೆ ತಾನೇ ಇಟ್ಟುಕೊಳ್ಳುವ ಅಲಾರ್ಮ್. ಬೇರೆಯವರು ಬರೆದ ಕಮಾಂಡ್‌ಗೆ ಇಡಬೇಕಾದರೆ? ಪರ್ಲ್ ಭಾಷೆ ಬಲ್ಲವರು ಒಂದು ಸಾಲಿನ ಉಪಾಯ ಕಂಡುಕೊಂಡರು: ಮೊದಲು ಅಲಾರ್ಮ್ ಇಡು, ಆಮೇಲೆ 'ಎಕ್ಸೆಕ್' ಮಾಡು, ಅಂದರೆ ನಿನ್ನ ಜಾಗದಲ್ಲಿ ಆ ಕಮಾಂಡನ್ನು ಕೂರಿಸು. ಪ್ರೋಗ್ರಾಂ ಬದಲಾದರೂ ಅಲಾರ್ಮ್ ಹಾಗೇ ಉಳಿಯುತ್ತದೆ.

ಉಳಿದವರು ಶೆಲ್‌ನಲ್ಲೇ ಹೊಂದಿಸಿಕೊಂಡರು. ಕಮಾಂಡನ್ನು ಹಿನ್ನೆಲೆಗೆ ಕಳಿಸಿ, ಅದರ ಪಿಐಡಿ (ಓಡುತ್ತಿರುವ ಪ್ರೋಗ್ರಾಂಗೆ ಸಿಗುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಂಡು, 30 ಸೆಕೆಂಡ್ 'ಸ್ಲೀಪ್' ಮಾಡಿ, ಆಮೇಲೆ ಆ ಸಂಖ್ಯೆಯ ಪ್ರೋಗ್ರಾಂ ನಿಲ್ಲಿಸಲು 'ಕಿಲ್' ಕಮಾಂಡ್. ನೋಡಲು ಸರಿಯಾಗಿಯೇ ಇದೆ. ಆದರೆ ಕಮಾಂಡ್ ಎರಡೇ ಸೆಕೆಂಡಿಗೆ ಮುಗಿದು, ಅದೇ ಪಿಐಡಿ ಬೇರೊಂದು ಪ್ರೋಗ್ರಾಂಗೆ ಸಿಕ್ಕಿದ್ದರೆ, ಕಿಲ್ ಹೋಗಿ ಆ ಪಾಪದ ಪ್ರೋಗ್ರಾಂಗೆ ಬಡಿಯುತ್ತದೆ. ಅಪರೂಪ ನಿಜ, ಆದರೆ ಆದ ದಿನ ಕಾರಣ ಹುಡುಕುವುದು ಬಲು ಕಷ್ಟ.

2008ರಲ್ಲಿ ಗ್ನೂ ಕೋರ್‌ಯುಟಿಲ್ಸ್ (ಲಿನಕ್ಸ್‌ನ ದಿನಬಳಕೆಯ ಕಮಾಂಡ್‌ಗಳ ಕಟ್ಟು) 7.0ರ ಜೊತೆ 'ಟೈಮ್‌ಔಟ್' ಬಂತು. ಬರೆದವರು ಪಾಡ್ರಿಗ್ ಬ್ರೇಡಿ. 'ಟೈಮ್‌ಔಟ್ 30' ಎಂದು ಬರೆದು ಮುಂದೆ ಕಮಾಂಡ್ ಹಾಕಿದರೆ ಆಯಿತು. ಅದರಲ್ಲಿ ನನಗೆ ತುಂಬಾ ಹಿಡಿಸುವುದು 124 ಎಂಬ ಸಂಖ್ಯೆ. ಗಡುವು ಮೀರಿ ನಿಲ್ಲಿಸಿದರೆ ಎಕ್ಸಿಟ್ ಕೋಡ್ (ಕಮಾಂಡ್ ಮುಗಿಯುವಾಗ ಬಿಟ್ಟುಹೋಗುವ ಸಂಖ್ಯೆ) 124. ಕಮಾಂಡ್ ತಾನಾಗಿಯೇ ಸೋತಿತೋ, ಹೊತ್ತು ಮೀರಿತೋ ಎಂದು ಸ್ಕ್ರಿಪ್ಟ್‌ಗೆ ಕೊನೆಗೂ ತಿಳಿಯಿತು. ಇನ್ನೊಂದು ಒಳ್ಳೆಯ ಕೆಲಸವೆಂದರೆ, ಅದು ನಿಲ್ಲು ಎಂಬ ಸಿಗ್ನಲ್ಲನ್ನು ಇಡೀ ಪ್ರೋಸೆಸ್ ಗುಂಪಿಗೆ, ಅಂದರೆ ಕಮಾಂಡ್‌ಗೂ ಅದು ಹುಟ್ಟಿಸಿದ ಪ್ರೋಗ್ರಾಂಗಳಿಗೂ, ಕಳಿಸುತ್ತದೆ. ತಾಯಿ ಸತ್ತು ಮಕ್ಕಳು ಓಡುತ್ತಲೇ ಇರುವ ಕಾಟ ಬಹುಮಟ್ಟಿಗೆ ತಪ್ಪಿತು. ಮೊದಲು ಕಳಿಸುವುದು 'ಟರ್ಮ್', ಅಂದರೆ ಸಾಮಾನು ಜೋಡಿಸಿಕೊಂಡು ಹೊರಡು ಎಂಬ ಮಾತು. ಅದನ್ನು ಕೇಳದ ಪ್ರೋಗ್ರಾಂಗೆ 'ಕೆ' ಆಯ್ಕೆ ಇದೆ: ಇನ್ನಷ್ಟು ಸೆಕೆಂಡ್ ಬಿಟ್ಟು, ಪ್ರೋಗ್ರಾಂ ತಡೆಯಲಾಗದ 'ಕಿಲ್' ಸಿಗ್ನಲ್ ಕಳಿಸುತ್ತದೆ. ಆಗ ಕೋಡ್ 137. ಸ್ಕ್ರಿಪ್ಟ್‌ನಲ್ಲಿ ಎರಡನ್ನೂ ನೋಡಬೇಕು.

ಹೆಸರು ಒಂದೇ ಆದರೂ ನಡವಳಿಕೆ ಎಲ್ಲ ಕಡೆ ಒಂದೇ ಇರಲಿಲ್ಲ. ವಿಂಡೋಸ್‌ನ 'ಟೈಮ್‌ಔಟ್' ಸುಮ್ನೆ ಕಾಯುತ್ತದೆ, ಏನನ್ನೂ ನಿಲ್ಲಿಸುವುದಿಲ್ಲ. ಸಣ್ಣ ಯಂತ್ರಗಳಿಗಾಗಿ ಇಂಥ ಕಮಾಂಡ್‌ಗಳನ್ನು ಒಟ್ಟುಗೂಡಿಸಿದ ಬಿಜಿಬಾಕ್ಸ್‌ನಲ್ಲಿ ಸೆಕೆಂಡ್‌ಗಳಿಗೆ ಮೊದಲು 'ಟಿ' ಆಯ್ಕೆ ಬರೆಯಬೇಕಿತ್ತು, 1.30ನೇ ಆವೃತ್ತಿಯಲ್ಲಿ ಅದನ್ನು ಗ್ನೂ ರೀತಿಗೆ ಬದಲಿಸಿದರು, ಹಳೆಯ ಸ್ಕ್ರಿಪ್ಟ್‌ಗಳು ಮುರಿದವು. ಯುನಿಕ್ಸ್ ಬಗೆಯ ವ್ಯವಸ್ಥೆಗಳೆಲ್ಲ ಪಾಲಿಸಬೇಕೆಂದಿರುವ ಪೋಸಿಕ್ಸ್ ಮಾನದಂಡದೊಳಗೆ 'ಟೈಮ್‌ಔಟ್' ಸೇರಿದ್ದು 2024ರಲ್ಲಿ.

ಇಷ್ಟಾದರೂ ಒಂದು ಜಾಗ ಉಳಿದಿದೆ. ಡಿಸ್ಕ್‌ಗೋ ನೆಟ್‌ವರ್ಕ್ ಫೈಲ್‌ಗೋ ಕಾಯುತ್ತಾ ಕರ್ನಲ್‌ನೊಳಗೇ (ಆಪರೇಟಿಂಗ್ ಸಿಸ್ಟಂನ ತಿರುಳು) ಸಿಕ್ಕಿಬಿದ್ದ ಪ್ರೋಗ್ರಾಂ, ಓಡುತ್ತಿರುವುದನ್ನೆಲ್ಲ ತೋರಿಸುವ 'ಪಿಎಸ್' ಪಟ್ಟಿಯಲ್ಲಿ ಡಿ ಎಂಬ ಅಕ್ಷರದೊಂದಿಗೆ ಕಾಣುತ್ತದೆ. 2008ರಲ್ಲೇ ಬಂದ ಲಿನಕ್ಸ್ 2.6.25 ಅಂಥ ಕೆಲವು ಕಡೆ 'ಕಿಲ್' ಕೇಳುವಂತೆ ದಾರಿ ಮಾಡಿತು, ಎಲ್ಲ ಕಡೆ ಅಲ್ಲ. ಉಳಿದ ಕಡೆ 'ಟರ್ಮ್' ಕಳಿಸಿದ 'ಟೈಮ್‌ಔಟ್' ಕೂಡ ಅದರ ಪಕ್ಕದಲ್ಲೇ ಕಾಯುತ್ತಾ ಕೂರುತ್ತದೆ.