ಮೂಗಿಂದ ರಕ್ತ ಬಂದ್ರೆ ಮೊದಲು ಮೂಗು ಹಿಡ್ಕೊಳ್ಳಿ, ಬಿಪಿ ಆಮೇಲೆ ನೋಡೋಣ

ಬೇಸಿಗೆ ಬಂತು ಅಂದ್ರೆ ನಮ್ಮ ದಾವಣಗೆರೆ ಕಡೆ ಮೂಗಿಗೆ ಟವೆಲ್ ಒತ್ಕೊಂಡು ಕ್ಲಿನಿಕ್ಕಿಗೆ ಬರೋರು ಜಾಸ್ತಿ. ಹೋದ ತಿಂಗಳು ಒಬ್ರು ಯಜಮಾನ್ರು ಬಂದ್ರು, ಅರವತ್ತು ದಾಟಿದೆ, ತಲೆ ಹಿಂದಕ್ಕೆ ಎತ್ತಿಸಿ ನೆತ್ತಿ ಮೇಲೆ ಎರಡು ಚೊಂಬು ತಣ್ಣೀರು ಸುರಿದು ಆಟೋದಲ್ಲಿ ಕರ್ಕೊಂಡು ಬಂದಿದ್ರು, ಗಂಟಲಿಗಿಳಿದ ರಕ್ತ ನುಂಗಿ ನುಂಗಿ ಬಾಗಿಲಲ್ಲೇ ವಾಂತಿ ಆಯ್ತು. ಬಿಪಿ 180/100. ಮನೆಯೋರು ಹೇಳಿದ್ದು ನಾನು ದಿನಾ ಕೇಳೋ ಮಾತೇ: "ಬಿಪಿ ಏರಿ ಮೂಗಲ್ಲಿ ಬಂದಿದ್ದೇ ಒಳ್ಳೇದಾಯ್ತು ಸಾರ್, ಇಲ್ಲಾಂದಿದ್ರೆ ಮೆದುಳಿಗೆ ಹೋಗ್ತಿತ್ತು."

ಇದು ನಿಜ ಅಲ್ಲ. ಮೂಗಲ್ಲಿ ರಕ್ತ ಹೋಯ್ತು ಅಂತ ಸ್ಟ್ರೋಕ್ ತಪ್ಪಲ್ಲ.

ನಾನು ಬಿಪಿ ಮಾತ್ರೆ ಕೊಡ್ಲಿಲ್ಲ. ನೆಟ್ಟಗೆ ಕೂರಿಸಿ, ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತಗಿರೋ ಭಾಗನ, ಮೇಲಿನ ಮೂಳೆನಲ್ಲ, ಎರಡು ಬೆರಳಲ್ಲಿ ಗಟ್ಟಿ ಹಿಡಿದು ಬಾಯಲ್ಲಿ ಉಸಿರಾಡಿ ಅಂದೆ. ಗಡಿಯಾರ ನೋಡ್ಕೊಂಡು ಹದಿನೈದು ನಿಮಿಷ, ಮಧ್ಯೆ ಮಧ್ಯೆ ಬಿಟ್ಟು ನಿಂತಿದ್ಯಾ ಅಂತ ನೋಡಂಗಿಲ್ಲ, ಎಲ್ರೂ ಎಡವೋದು ಅಲ್ಲೇ. ರಕ್ತ ನಿಂತ್ಮೇಲೆ ಮತ್ತೆ ನೋಡಿದ್ರೆ 150/92. ರಕ್ತ ಕಂಡ ಗಾಬರಿಗೇ ಬಿಪಿ ಅಷ್ಟು ಏರಿತ್ತು, ಮನೇಲಿ ಇದೇ ನಂಬರ್ ನೋಡಿ ಹೆದರಿ ಎರಡೆರಡು ಮಾತ್ರೆ ನುಂಗಿಸ್ತಾರಲ್ಲ, ದಯವಿಟ್ಟು ಹಂಗೆ ಮಾಡ್ಬೇಡಿ, ಬಿಪಿ ದಿಢೀರ್ ಅಂತ ಕುಸಿದ್ರೆ ಮೆದುಳಿಗೆ, ಹಾರ್ಟಿಗೆ ರಕ್ತ ಸಾಲದೆ ಹೋಗುತ್ತೆ.

ಲೈಟ್ ಹಾಕಿ ನೋಡಿದ್ರೆ ಕಾರಣ ಬೆರಳಿಗೆ ಸಿಗೋ ಜಾಗದಲ್ಲೇ ಇತ್ತು. ಮೂಗಿನ ನಡುಗೋಡೆ ಮುಂಭಾಗದಲ್ಲಿ ಸಣ್ಣ ಸಣ್ಣ ರಕ್ತನಾಳಗಳ ಬಲೆ ಇದೆ, ಲಿಟಲ್ಸ್ ಏರಿಯಾ ಅಂತೀವಿ, ನೂರಕ್ಕೆ ತೊಂಬತ್ತರಷ್ಟು ಕೇಸಲ್ಲಿ ರಕ್ತ ಬರೋದು ಅಲ್ಲಿಂದ್ಲೇ. ಒಣಗಾಳಿಗೆ ಅಲ್ಲಿ ಹಕ್ಕಳೆ ಕಟ್ಟುತ್ತೆ, ಅದನ್ನ ಕಿತ್ರೆ ರಕ್ತ. ಇವ್ರು ಹಾರ್ಟಿಗೆ ಅಂತ ಆಸ್ಪಿರಿನ್ ಬೇರೆ ತಗೋತಿದ್ರು, ಹಂಗಾಗಿ ಬೇಗ ಹೆಪ್ಪುಗಟ್ಟಿಲ್ಲ. (ಆಸ್ಪಿರಿನ್ ನೀವಾಗೇ ನಿಲ್ಲಿಸ್ಬೇಡಿ, ಕೊಟ್ಟ ಡಾಕ್ಟ್ರನ್ನ ಕೇಳಿ.)

ಹಾಗಾದ್ರೆ ಬಿಪಿಗೂ ಇದಕ್ಕೂ ಸಂಬಂಧನೇ ಇಲ್ವಾ? ಇದೆ, ಆದ್ರೆ ಜನ ಅಂದ್ಕೊಂಡಷ್ಟು ನೇರ ಅಲ್ಲ. ಬಿಪಿನೇ ನಾಳ ಒಡೀತು ಅಂತ ಖಡಾಖಂಡಿತ ಹೇಳೋಕಾಗಲ್ಲ, ಆದ್ರೆ ಒಡೆದ ಮೇಲೆ ಬಿಪಿ ಜಾಸ್ತಿ ಇದ್ರೆ ನಿಲ್ಲೋದು ಕಷ್ಟ. ವಯಸ್ಸಾದೋರಲ್ಲಿ ಕೆಲವೊಮ್ಮೆ ಮೂಗಿನ ಹಿಂಭಾಗದ ದೊಡ್ಡ ನಾಳದಿಂದ ಬರುತ್ತೆ, ಹಿಡ್ಕೊಂಡ್ರೂ ಗಂಟಲಿಗೆ ಇಳೀತಾನೇ ಇರುತ್ತೆ. ಅಂಥದ್ದು, ಇಲ್ಲಾ ಅರ್ಧ ಗಂಟೆ ಆದ್ರೂ ನಿಲ್ಲದೇ ಇರೋದು, ತಲೆ ಸುತ್ತು ಬರೋದು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರದ್ದು, ಕಾಯ್ತಾ ಕೂರದೆ ಆಸ್ಪತ್ರೆಗೆ ಹೊರಡಿ. ಪ್ಯಾಕ್, ಅಂದ್ರೆ ರಕ್ತ ನಿಲ್ಲೋಕೆ ಮೂಗಿನೊಳಗೆ ಒತ್ತಿ ತುಂಬೋ ಪಟ್ಟಿ, ಹಾಕ್ಬೇಕಾಗ್ಬಹುದು.

ಯಜಮಾನ್ರನ್ನ ನಾಲ್ಕು ದಿನ ಬಿಟ್ಟು ಕರೆಸಿದೆ, 162/96. ಇನ್ನೊಂದು ವಾರ ಬಿಟ್ಟು ನೋಡಿದ್ರೂ ಹೆಚ್ಚು ಕಮ್ಮಿ ಅಷ್ಟೇ. ಅಂದ್ರೆ ಅವತ್ತು 180 ಆಗಿದ್ದು ಗಾಬರಿಗೆ ಇರ್ಬಹುದು, ಆದ್ರೆ ಬಿಪಿ ಮೊದ್ಲಿಂದ್ಲೂ ಇತ್ತು, ಗೊತ್ತಿರ್ಲಿಲ್ಲ ಅಷ್ಟೆ. ಫಿಸಿಶಿಯನ್ ಹತ್ರ ಕಳ್ಸಿ ಮಾತ್ರೆ ಶುರು ಮಾಡಿಸ್ದೆ. "ಈಗ ರಕ್ತ ನಿಂತೈತಲ್ಲ ಸಾರ್, ಮಾತ್ರೆ ಯಾಕೆ?" ಅಂದ್ರು. ಮೂಗಿನ ಒಳಗೆ ಸವರೋಕೆ ಕೊಟ್ಟ ಮುಲಾಮು ಎರಡು ವಾರಕ್ಕೆ, ಬಿಪಿ ಮಾತ್ರೆ ಮೂಗಿಗಲ್ಲ, ನಿಮ್ಮ ಹಾರ್ಟು ಕಿಡ್ನಿಗೆ, ರಕ್ತ ಬರ್ಲಿ ಬಿಡ್ಲಿ ದಿನಾ ತಗೋಬೇಕು ಅಂತ ಹೇಳಿ ಚೀಟಿ ಹಿಂದೆ ದೊಡ್ಡಕ್ಷರದಲ್ಲಿ ಬರ್ದು ಕೊಟ್ಟೆ.