ದೃಢೀಕರಣಕ್ಕೆ ತಯಾರಿ: ಕೊಡುವವರು ಯಾರು, ಪಡೆಯುವವರು ಯಾರು?

ಈ ವರ್ಷ ಕಥೋಲಿಕ ಧರ್ಮಸಭೆಯ ದೃಢೀಕರಣ (ಕನ್ಫರ್ಮೇಶನ್) ಸಂಸ್ಕಾರಕ್ಕೆ ತಯಾರಾಗುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಸಂಸ್ಕಾರಗಳು ಏಳು, ಅದರಲ್ಲಿ ಇದೂ ಒಂದು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ನೇರವಾಗಿ ಕಷ್ಟದ ಪ್ರಶ್ನೆಗೆ ಬರುತ್ತೇನೆ.

ಕೂಸಾಗಿದ್ದಾಗ ಆದ ದೀಕ್ಷಾಸ್ನಾನದಲ್ಲೇ (ಬ್ಯಾಪ್ಟಿಸಮ್) ಪವಿತ್ರಾತ್ಮರನ್ನು ಪಡೆದಿದ್ದೇವೆ ಅಲ್ವಾ? ಹಾಗಾದರೆ ಮತ್ತೆ ದೃಢೀಕರಣ ಯಾಕೆ? ಎಲ್ಲರೂ ಹೇಳುವ ಉತ್ತರ ಹೀಗಿದೆ: "ಆಗ ಅಪ್ಪ ಅಮ್ಮ ನಮ್ಮ ಪರವಾಗಿ ಒಪ್ಪಿಕೊಂಡಿದ್ದರು. ಈಗ ನಾವೇ ಒಪ್ಪಿಕೊಳ್ಳುತ್ತೇವೆ." ಇದರಲ್ಲಿ ನಿಜವೂ ಇದೆ. ಆದರೆ ಇಷ್ಟೇ ಅಂದುಕೊಂಡರೆ ಲೆಕ್ಕ ಕೂಡುವುದಿಲ್ಲ.

ಕೇರಳ ಮೂಲದ ಪೂರ್ವ ಪದ್ಧತಿಯ ಕಥೋಲಿಕ ಸಭೆಯಾದ ಸಿರೋ ಮಲಬಾರ್ ಸಭೆಯನ್ನು ನೋಡಿ. ಬೆಂಗಳೂರಿನಲ್ಲೂ ಆ ಸಭೆಯ ಕುಟುಂಬಗಳಿವೆ. ಅಲ್ಲಿ ಕೂಸಿಗೆ ದೀಕ್ಷಾಸ್ನಾನ ಆದ ಕೂಡಲೇ ಗುರುಗಳೇ (ಪಾದ್ರಿ) ತೈಲ ಹಚ್ಚಿ ದೃಢೀಕರಣವನ್ನೂ ಕೊಡುತ್ತಾರೆ. ನಮ್ಮ ಹಾಗೆ ಬಿಷಪರಿಗಾಗಿ ವರ್ಷಗಟ್ಟಲೆ ಕಾಯುವುದಿಲ್ಲ. ನಮ್ಮ ಲ್ಯಾಟಿನ್ (ರೋಮನ್) ಪದ್ಧತಿಯಲ್ಲೂ ಮಗು ಸಾಯುವ ಸ್ಥಿತಿಯಲ್ಲಿದ್ದರೆ ಯಾವ ಗುರುಗಳಾದರೂ ದೃಢೀಕರಣ ಕೊಡಬಹುದು. ಆ ಕೂಸು ಏನನ್ನು ಒಪ್ಪಿಕೊಳ್ಳುತ್ತೆ? ಮಾತೇ ಬರುವುದಿಲ್ಲ. ಆದರೂ ಅದು ಪೂರ್ತಿ ದೃಢೀಕರಣವೇ. ದೊಡ್ಡದಾದ ಮೇಲೆ ಮತ್ತೊಮ್ಮೆ ಕೊಡುವುದಿಲ್ಲ.

ಅಂದರೆ ಈ ಸಂಸ್ಕಾರ ನಿಂತಿರುವುದು ನಮ್ಮ ಒಪ್ಪಿಗೆಯ ಮೇಲಲ್ಲ. ಇಲ್ಲಿ ಕೊಡುವವರು ದೇವರು, ಪಡೆಯುವವರು ನಾವು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1308ನೇ ಸಂಖ್ಯೆಯಲ್ಲಿ ಇದು ಸ್ಪಷ್ಟವಾಗಿದೆ: ದೀಕ್ಷಾಸ್ನಾನದ ಕೃಪೆ ಪುಕ್ಕಟೆಯಾಗಿ ಸಿಕ್ಕಿದ್ದು, ಅದು ಫಲ ಕೊಡಲು ನಾವು ಮೇಲೆ ಅಂಗೀಕಾರದ ರುಜು ಹಾಕಬೇಕಾಗಿಲ್ಲ.

ಹಾಗಾದರೆ ಹೊಸದಾಗಿ ಏನು ಸಿಗುತ್ತೆ? ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳು 8ನೇ ಅಧ್ಯಾಯ, 14ರಿಂದ 17ನೇ ವಚನ ಓದಿ. ಸಮಾರಿಯದ ಜನರಿಗೆ ದೀಕ್ಷಾಸ್ನಾನ ಆಗಲೇ ಆಗಿತ್ತು. ಜೆರುಸಲೇಮಿನಿಂದ ಯೇಸುವಿನ ಪ್ರೇಷಿತರಾದ ಪೇತ್ರ, ಯೊವಾನ್ನ ಇಬ್ಬರೂ ಬಂದು ಅವರ ಮೇಲೆ ಕೈಯಿಟ್ಟರು. ಆಗ ಅವರು ಪವಿತ್ರಾತ್ಮರನ್ನು ಪಡೆದರು. ದೃಢೀಕರಣದ ಬೇರು ಇಲ್ಲಿದೆ. ಮೊದಲ ಕೃಪೆ ಅಳಿಸಿಹೋಗುವುದಿಲ್ಲ. ಅದೇ ಇನ್ನೂ ಆಳಕ್ಕೆ ಇಳಿಯುತ್ತೆ. ಜೊತೆಗೆ ಯೇಸುವಿಗೆ ಸಾಕ್ಷಿಯಾಗಿ ಬದುಕುವ ಬಲ ಬರುತ್ತೆ.

ವಿಧಿಯ ಕ್ರಮವನ್ನು ಗಮನಿಸಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಮೊದಲು ದೀಕ್ಷಾಸ್ನಾನದ ಪ್ರತಿಜ್ಞೆಗಳನ್ನು ನಾವು ಮತ್ತೆ ಹೇಳುತ್ತೇವೆ. ನಮ್ಮ ಒಪ್ಪಿಗೆಯ ಜಾಗ ಇದು. ಬುದ್ಧಿ ಬಂದವರಿಗೆ ಇದು ಬೇಕೇ ಬೇಕು, ತಯಾರಿ ತರಗತಿಗಳೂ ಅದಕ್ಕೇ. ಆಮೇಲೆ ಬಿಷಪರು ಎಲ್ಲರ ಮೇಲೂ ಕೈಚಾಚಿ ಪವಿತ್ರಾತ್ಮರ ಏಳು ವರಗಳಿಗಾಗಿ ಪ್ರಾರ್ಥಿಸುತ್ತಾರೆ. ಕೊನೆಗೆ ಒಬ್ಬೊಬ್ಬರೇ ಮುಂದೆ ಹೋಗುತ್ತೇವೆ. ನಂಬಿಕೆಯಲ್ಲಿ ನಮಗೆ ಜೊತೆ ನಿಲ್ಲುವ ಜ್ಞಾನಪೋಷಕರು (ಗಾಡ್‌ಪೇರೆಂಟ್) ಬಲಗೈಯನ್ನು ನಮ್ಮ ಭುಜದ ಮೇಲಿಡುತ್ತಾರೆ. ಬಿಷಪರು ಹೆಬ್ಬೆರಳನ್ನು ಕ್ರಿಸ್ಮಾ ತೈಲದಲ್ಲಿ ಅದ್ದಿ, ಹೆಸರು ಹಿಡಿದು ಕರೆದು, ಹಣೆಗೆ ಶಿಲುಬೆ ಗುರುತು ಹಾಕುತ್ತಾರೆ. ಸಂಸ್ಕಾರ ಆಗುವ ಕ್ಷಣ ಇದೇ. ಆಗ ನಾವು ಹೇಳುವುದು ಬರೀ "ಆಮೆನ್". ಉಳಿದದ್ದೆಲ್ಲ ನಮಗೆ ಸಿಗುವುದು, ನಾವು ಮಾಡುವುದಲ್ಲ. ನನಗೆ ಇದು ದೊಡ್ಡ ಸಮಾಧಾನ. ನಂಬಿಕೆ ಸಾಕಷ್ಟು ಗಟ್ಟಿಯಾಗಿದೆಯಾ ಅಂತ ಹೆದರುವವರು ದಯವಿಟ್ಟು ಇದನ್ನು ಇನ್ನೊಮ್ಮೆ ಓದಿ.

ಏಳು ವರಗಳನ್ನು ನೆನಪಿಡಲು ಒಂದು ಸುಲಭ ದಾರಿ: ತಿಳಿಯಲು ನಾಲ್ಕು, ನಡೆಯಲು ಮೂರು. ಜ್ಞಾನ, ವಿವೇಕ, ಆಲೋಚನೆ, ತಿಳುವಳಿಕೆ ಮೊದಲ ಗುಂಪು. ಧೈರ್ಯ, ಭಕ್ತಿ, ದೈವಭಯ ಎರಡನೆಯದು. ದೈವಭಯ ಅಂದರೆ ಏಟಿನ ಹೆದರಿಕೆ ಅಲ್ಲ. ಇಷ್ಟು ಪ್ರೀತಿಸುವವರ ಮನಸ್ಸು ನೋಯಿಸಬಾರದು ಅನ್ನುವ ಎಚ್ಚರ ಅದು.

ಕ್ರಿಸ್ಮಾ ಅಂದರೆ ಆಲಿವ್ ಎಣ್ಣೆಗೆ ಸುಗಂಧ ಬೆರೆಸಿದ್ದು. ಅದನ್ನು ಪವಿತ್ರೀಕರಿಸುವವರು ಬಿಷಪರು.

ಮನೆಯಲ್ಲಿ ಅಜ್ಜಿ "ಬಿಷಪರು ಕೆನ್ನೆಗೆ ತಟ್ಟಿದ್ರಾ?" ಅಂತ ಕೇಳಬಹುದು. ಹಳೇ ವಿಧಿಯಲ್ಲಿ ಅದು ಇತ್ತು. 1971ರಲ್ಲಿ ಹೊರಬಂದ ಹೊಸ ವಿಧಿಯಲ್ಲಿ ಇಲ್ಲ.

ಜ್ಞಾನಪೋಷಕರ ವಿಷಯವನ್ನು ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ. ಸಾಮಾನ್ಯವಾಗಿ ಅವರಿಗೆ 16 ತುಂಬಿರಬೇಕು, ದೃಢೀಕರಣ ಮತ್ತು ಪರಮಪ್ರಸಾದ ಪಡೆದ ಕಥೋಲಿಕರಾಗಿರಬೇಕು. ಅಪ್ಪ ಅಮ್ಮ ಆಗುವಂತಿಲ್ಲ. ದೀಕ್ಷಾಸ್ನಾನದಲ್ಲಿ ಜ್ಞಾನಪೋಷಕರಾಗಿ ನಿಂತವರೇ ಮತ್ತೆ ನಿಂತರೆ ಇನ್ನೂ ಒಳ್ಳೆಯದು ಅನ್ನುತ್ತೆ ಧರ್ಮಸಭೆಯ ಕಾನೂನು. ಅವರು ದೂರದ ಊರಲ್ಲಿದ್ದರೆ ಈಗಲೇ ಫೋನ್ ಮಾಡಿ ತಾರೀಕು ತಿಳಿಸಿಬಿಡಿ.